ತಿಂಗಳು ಇಟ್ಟುಕೋ ಎಂದ ಸಾಲು

ಕಬ್ಬು ಕಡಿಯುವ ಸರದಿ ಯಾವತ್ತು ಯಾರದು ಎಂದು ನೋಡಿಕೊಳ್ಳಲು ಯಳಂದೂರು, ಹನೂರು ಕಡೆಯ ಬೆಳೆಗಾರರಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟವನು ನಾನು. ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇನೆ. ಯಾರಾದರೂ ತಪ್ಪು ತೋರಿಸಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಬುದ್ಧಿ ಆಮೇಲೆ.

ವೆಬ್‌ಸೈಟ್ ನಡೆಸುವ ಸರ್ವರ್ ಎಂಬ ಕಂಪ್ಯೂಟರಿಗೆ ಒಂದು ಕಾನ್ಫಿಗರೇಶನ್ ಫೈಲ್ ಇರುತ್ತದೆ. ಯಾರು ಕೇಳಿದರೆ ಯಾವ ಪುಟ ಕೊಡಬೇಕು, ಫೋನು ಅದನ್ನು ಎಷ್ಟು ದಿನ ತನ್ನಲ್ಲೇ ಇಟ್ಟುಕೊಳ್ಳಬಹುದು, ಎಲ್ಲದಕ್ಕೂ ಅದರಲ್ಲಿ ಒಂದೊಂದು ಸಾಲಿನ ಅಪ್ಪಣೆ. ಹನೂರಿನ ಕಾಡಂಚಿನವರು, “ನಿಮ್ ಪುಟ ತೆರೆಯೋದ್ರೊಳ್ಗೆ ಒಂದ್ ಬೀಡಿ ಮುಗೀತದ ಸಾ” ಎಂದು ರೇಗಿಸುತ್ತಿದ್ದರು. ನೆಟ್‌ವರ್ಕ್ ಅಷ್ಟು ಕಡಿಮೆ. ಒಮ್ಮೆ ಬಂದದ್ದನ್ನು ತಿಂಗಳು ಇಟ್ಟುಕೋ ಎಂದು ಫೋನಿಗೆ ಒಂದು ಸಾಲು ಬರೆದೆ. ಬದಲಾಗದ ಚಿತ್ರಗಳಿಗೆ ಮಾತ್ರ ಹೇಳಬೇಕಾದ್ದನ್ನು ಸರದಿಯ ಪಟ್ಟಿಗೂ ಹೇಳಿಬಿಟ್ಟಿದ್ದೆ. ಪುಟ ಥಟ್ಟನೆ ತೆರೆಯತೊಡಗಿತು. ನಾನು ಬೀಗಿಕೊಂಡು ಓಡಾಡಿದೆ.

ಆಮೇಲೆ ಸಕ್ಕರೆ ಕಾರ್ಖಾನೆ ಎಲ್ಲರ ಸರದಿಯನ್ನೂ ಹದಿನೈದು ದಿನ ಮುಂಚೆಗೆ ತಂದಿತು. ಪಟ್ಟಿ ತಿದ್ದಿದೆ. ಒಂದು ಸೋಮವಾರ ಬೆಳಿಗ್ಗೆ ಯಳಂದೂರು ಕಡೆಯ ಅಗರದಿಂದ ಫೋನ್. ಒಬ್ಬರೇ ಒಂದೂವರೆ ಎಕರೆ ಕಬ್ಬು ಬೆಳೆಯುವ ಅಕ್ಕ.

“ಕಡಿಯೋರು ಬಂದು ನಿಂತವ್ರೆ ಸಾ. ನಾನು ನೆನ್ನೆ ನೀರು ಕಟ್ಟಿವ್ನಿ. ಟ್ರ್ಯಾಕ್ಟರು ಗದ್ದೆಗೆ ಇಳಿಯಂಗಿಲ್ಲ. ವಾಪಸ್ ಓದ್ರೆ ನನ್ ಸರದಿ ಕಟ್ಟಕಡೆಗೆ ಓಯ್ತದ, ಕಬ್ಬು ಒಣಗೋಯ್ತದ.”

“ಪಟ್ಟೀಲಿ ಬರೆದಿದ್ದೀನಲ್ಲ ಅಕ್ಕ, ನೋಡ್ಕೊಳ್ಳೋದಲ್ವಾ?” ಎಂದು ಗದರಿದೆ. ತಪ್ಪು ಅವರದೇ ಎಂದು ತೋರಿಸಿಯೇ ಬರೋಣವೆಂದು ಬೈಕ್ ಹತ್ತಿ ಹೋದೆ.

ಗದ್ದೆಯ ಬದುವಿನಲ್ಲಿ ಅಕ್ಕ ಎರಡು ಫೋನು ಮುಂದೆ ಹಿಡಿದರು. “ಇದು ನಂದು, ಮುಂದಿನ್ ತಿಂಗ್ಳು ಅಂತದ. ಇದು ಮಗಳ್ದು, ಒಸ ಫೋನು, ಪುಟ ಈಗ ತೆಗುದ್ಳು. ಇದ್ರಲ್ಲಿ ಇವತ್ತೇ ಅಂತದ. ಯಾವುದ್ ನಂಬ್ಲಿ ಏಳಿ?”

ನನಗೆ ಅಲ್ಲೇ ಹೊಳೆಯಿತು. ಅಕ್ಕನ ಫೋನು ಸರ್ವರ್ ಅನ್ನು ಹೊಸ ಪಟ್ಟಿ ಕೇಳಿಯೇ ಇರಲಿಲ್ಲ. ನಾನು ಹೇಳಿದಂತೆ ಹಳೆಯ ಪಟ್ಟಿಯನ್ನು ಇಟ್ಟುಕೊಂಡಿತ್ತು, ಅಷ್ಟೇ. “ತಪ್ಪು ನಂದು ಅಕ್ಕ” ಎಂದೆ. ಎಲ್ಲರ ಮುಂದೆ ಹೇಳಬೇಕಾಗಿ ಬಂದು ನಾಚಿಕೆಯಾಯಿತು.

ಕಡಿಯುವವರ ಮೇಸ್ತ್ರಿ ಕೆಸರಿಗೆ ಕಾಲಿಟ್ಟು ನೋಡಿದ. “ಟ್ರ್ಯಾಕ್ಟರು ರೋಡಲ್ಲೇ ನಿಂತಿರ್ಲಿ ಬುಡಿ. ನಾವು ಒತ್ಕಂಡು ಓಯ್ತೀವಿ.” ಕಡಿದ ಹೊರೆಗಳನ್ನು ತಲೆಯ ಮೇಲೆ ರಸ್ತೆಗೆ ಸಾಗಿಸಿದರು. ನಾನೂ ನಾಲ್ಕು ಹೊರೆ ಹೊತ್ತೆ. ಐದನೆಯದಕ್ಕೆ ಕತ್ತು ಒಪ್ಪಲಿಲ್ಲ. ನಗುತ್ತಲೇ ಅದನ್ನು ಕಿತ್ತುಕೊಂಡವರು ಅಕ್ಕ. ಸಂಜೆಯೊಳಗೆ ಗದ್ದೆ ಬರಿದಾಯಿತು.

ಅಂಗಡಿಗೆ ಬಂದು ಫೈಲಿನ ಆ ಸಾಲು ತಿದ್ದಿದೆ. ಆದರೆ ಹಳೆಯದನ್ನು ಇಟ್ಟುಕೊಂಡ ಫೋನುಗಳನ್ನು ಯಾವ ಸಾಲೂ ಹಿಂದಕ್ಕೆ ಕರೆಯಲಾರದು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೊಸ ದಿನ ಹೇಳಬೇಕಾಯಿತು. ಅಗರದವರಿಗೆಲ್ಲ ಅಕ್ಕನೇ ಮನೆಮನೆಗೆ ಹೋಗಿ ಹೇಳಿದ್ದರು, ನಾನು ಕೇಳುವ ಮೊದಲೇ. ಅವರ ಋಣ ನನ್ನ ಮೇಲಿದೆ. ಗದರಿದ ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ.

ಆ ಫೈಲಿನಲ್ಲಿ ಸಾಲಿನ ಮೊದಲು ಒಂದು ಗುರುತು ಹಾಕಿದರೆ ಸರ್ವರ್ ಅದನ್ನು ಓದದೆ ಮುಂದೆ ಹೋಗುತ್ತದೆ. ಅಂಥ ಸಾಲು ಬರೆದವನು ಓದಿಕೊಳ್ಳಲು ಮಾತ್ರ. ತಿದ್ದಿದ ಸಾಲಿನ ಮೇಲೆ ಹಾಗೆ ಬರೆದಿಟ್ಟಿದ್ದೇನೆ: ‘ಸರದಿಯ ಪಟ್ಟಿ ಪ್ರತಿ ಸಲ ಹೊಸದಾಗಿ ಕೊಡು. ಅಗರದ ಅಕ್ಕನ ಗದ್ದೆ ಒದ್ದೆಯಿತ್ತು. ಮೊದಲು ಅವರ ಫೋನು ನೋಡು, ಆಮೇಲೆ ಗದರು.’