ತೆಗೆ, ಹಾಕು

ಕರೆಂಟ್ ಬಸ್ಸು ಬಂದ ಹೊಸತರಲ್ಲಿ ಮೈಸೂರಿನಿಂದ ಅಣ್ಣ ಫೋನ್ ಮಾಡಿ, "ಅಲ್ಲಿ ಬಸ್ ಚಾರ್ಜ್ ಎಷ್ಟೋ?" ಎಂದು ಕೇಳಿದ. "ಬೆಳಿಗ್ಗೆ ಫುಲ್ ಇರುತ್ತೆ, ಸಂಜೆ ಹೊತ್ತಿಗೆ ಕಾಲು ಭಾಗ ಉಳಿದಿರುತ್ತೆ" ಎಂದೆ. "ಟಿಕೆಟ್ಟಿಗೆ ಎಷ್ಟು ಅಂದ್ನೋ!" ಎಂದ ಅಣ್ಣ. ಟಿಕೆಟ್ಟಿನ ದುಡ್ಡಿಗೆ ನಮ್ಮೂರಲ್ಲಿ ಚಾರ್ಜ್ ಎನ್ನುತ್ತಾರೆಂಬುದೇ ನನಗೆ ಮರೆತುಹೋಗಿತ್ತು. ದೋಹಾದ ಬಸ್ ಡಿಪೋ ಒಂದರ ತರಬೇತಿ ವಿಭಾಗದಲ್ಲಿ ಕೂತು ದಿನವಿಡೀ ಬ್ಯಾಟರಿಯ ಜಪ ಮಾಡುವವನ ತಲೆ ಹೀಗೆಯೇ ಕೆಡುತ್ತದೆ.

ವಿಶ್ವಕಪ್ಪಿಗೆ ಬರುವ ಜನರನ್ನು ಕರೆಂಟ್ ಬಸ್ಸಿನಲ್ಲಿ ಓಡಾಡಿಸಬೇಕೆಂದು ಈ ದೇಶ ತೀರ್ಮಾನಿಸಿತ್ತು. ನೆಲದಡಿ ಅಷ್ಟೊಂದು ಎಣ್ಣೆ, ಗ್ಯಾಸ್ ಇಟ್ಟುಕೊಂಡವರಿಗೆ ಇದೇಕೆ ಬೇಕಿತ್ತು ಎಂದು ನನಗನ್ನಿಸಿದ್ದುಂಟು. ಮನೆಯಲ್ಲೇ ಬೆಣ್ಣೆ ಕಡೆಯುವವರು ಒಣ ಚಪಾತಿ ತಿನ್ನಲು ಶುರುಮಾಡಿದ ಹಾಗೆ. ಆದರೆ ಯೋಚಿಸಿದರೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಇನ್ನೊಂದಿಲ್ಲ. ಮೂರು ಕಡೆ ಸಮುದ್ರ, ಉಳಿದೊಂದು ಕಡೆ ಮರಳು. ಬಸ್ಸು ಎಷ್ಟು ದೂರ ಅಂತ ಹೋದೀತು? ಚಾರ್ಜ್ ಮುಗಿಯುವ ಮುಂಚೆ ಊರೇ ಮುಗಿಯುತ್ತದೆ. ಒಂದೇ ತೊಂದರೆಯೆಂದರೆ ಈ ಬಸ್ಸಿಗೆ ಗುಡುಗುಡು ಇಲ್ಲ. ಮುಶೈರಿಬ್‌ನ ನಿಲ್ದಾಣದಲ್ಲಿ ನನ್ನ ಹೆಂಡತಿ ಸುಧಾ ಬಸ್ಸು ಇನ್ನೂ ಬರಲಿಲ್ಲವೆಂದು ನನಗೆ ಬೈಯುತ್ತಿದ್ದಾಗ, ಅದು ಅವಳ ಬೆನ್ನ ಹಿಂದೆಯೇ ಬಾಗಿಲು ತೆರೆದು ನಿಂತಿತ್ತು.

ಸದ್ದಿಲ್ಲದ ಈ ಬಸ್ಸು ನಮ್ಮ ಡಿಪೋದಲ್ಲಿ ಒಬ್ಬರ ಎದೆಯ ಸದ್ದನ್ನು ಮಾತ್ರ ಜೋರು ಮಾಡಿತ್ತು. ಬಂಟ್ವಾಳದ ಕಡೆಯ ಹಮೀದ್ ಭಾಯ್ ಮೀಸೆ ಹಣ್ಣಾಗುವವರೆಗೂ ಡೀಸೆಲ್ ಎಂಜಿನ್ನುಗಳ ಜೊತೆಯಲ್ಲೇ ಇದ್ದವರು. ಹೊಸ ಬಸ್ಸುಗಳನ್ನು ಮುಟ್ಟಬೇಕಾದರೆ ಎಲ್ಲ ಮೆಕ್ಯಾನಿಕ್‌ಗಳೂ ಪರೀಕ್ಷೆ ಪಾಸಾಗಬೇಕೆಂದು ಆದೇಶ ಬಂತು. ಹಮೀದ್ ಭಾಯ್ ಮೊದಲ ಸಲ ಫೇಲಾದರು. ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಕೆಲಸ ಹೋಗುತ್ತದೆ, ಅದರ ಹಿಂದೆ ವೀಸಾ ಹೋಗುತ್ತದೆ. ಇಲ್ಲೇ ಪಕ್ಕದ ಅಲ್ ರಯ್ಯಾನ್‌ನಲ್ಲಿ ಹನ್ನೆರಡನೇ ಕ್ಲಾಸು ಓದುತ್ತಿದ್ದ ಮಗಳು ವರ್ಷದ ನಡುವೆ ಶಾಲೆ ಬಿಟ್ಟು ಊರಿಗೆ ಹೊರಡಬೇಕಾಗುತ್ತದೆ.

ಅವರು ಎಡವಿದ್ದು ಎರಡು ಇಂಗ್ಲಿಷ್ ಮಾತುಗಳಲ್ಲಿ. ಸರ್ಕ್ಯೂಟ್ ಓಪನ್ ಎಂದರೆ ಕರೆಂಟ್ ಹರಿಯುವುದಿಲ್ಲ. ಕ್ಲೋಸ್ ಎಂದರೆ ಹರಿಯುತ್ತದೆ. ಓಪನ್ ಮಾಡಿಯೇ ಬಸ್ಸಿನ ಭಾರೀ ಕರೆಂಟಿನ ಕಿತ್ತಳೆ ತಂತಿಗಳಿಗೆ ಕೈ ಹಾಕಬೇಕು. ತಿರುವುಮುರುವಾದರೆ ಮನುಷ್ಯ ಉಳಿಯುವುದಿಲ್ಲ.

"ಎಂತ ಸಾರ್ ಇದು? ವಾಲ್ವ್ ಓಪನ್ ಮಾಡಿದ್ರೆ ಡೀಸೆಲ್ ಬರ್ತದೆ. ಇದು ಓಪನ್ ಮಾಡಿದ್ರೆ ಕರೆಂಟ್ ಖಲಾಸ್! ಯಾರಿಗೆ ಅರ್ಥ ಆಗ್ತದೆ ಮಾರಾಯ್ರೆ?"

ಕನ್ನಡದಲ್ಲಿ ಹೇಳಿಕೊಡುವ ಭಾರ ನನ್ನ ಮೇಲೆ ಬಿತ್ತು. ನಾನೂ ಉತ್ಸಾಹದಿಂದ, "ಕರೆಂಟು ನೀರಿದ್ದ ಹಾಗೆ, ಸ್ವಿಚ್ಚು ನಲ್ಲಿ ಇದ್ದ ಹಾಗೆ" ಎಂದು ಶುರುಮಾಡಿ, ಅರ್ಧ ದಾರಿಯಲ್ಲಿ ಬಾಯಿ ಮುಚ್ಚಿಕೊಂಡೆ. ನಲ್ಲಿಯೂ ಅವರ ಪಕ್ಷವನ್ನೇ ವಹಿಸುತ್ತಿತ್ತು. ಆಮೇಲೆ ಸಂಸ್ಕೃತಕ್ಕೆ ಹೋಗಿ 'ಮುಕ್ತ ಮಂಡಲ', 'ಆವೃತ ಮಂಡಲ' ಎಂದೆ. ಅವರು ಮಂಡಲದ ಪಂಚಾಯ್ತಿಗೆ ಬಂದವರ ಹಾಗೆ ಕೈಕಟ್ಟಿ ನಿಂತರು. ಆ ಪದಗಳು ನನಗೂ ಅರ್ಥವಾಗಿರಲಿಲ್ಲವೆಂಬುದು ಬೇರೆ ಮಾತು.

ಆ ಸಂಜೆ ಮನೆಯಲ್ಲಿ ಸುಧಾ ತನ್ನ ತಾಯಿಯ ಜೊತೆ ಫೋನಿನಲ್ಲಿದ್ದಳು. "ಕರೆಂಟ್ ತೆಗೆದಿದ್ದಾರಾ? ಹಾಗಾದ್ರೆ ಬಾಗಿಲು ತೆಗೆದು ಕೂತ್ಕೊಳಮ್ಮ, ಗಾಳಿ ಬರುತ್ತೆ."

ನಾನು ಕಾಫಿ ಲೋಟ ಕೆಳಗಿಟ್ಟೆ. ಬಾಗಿಲು ತೆಗೆ ಎಂದರೆ ಓಪನ್. ಕರೆಂಟ್ ತೆಗೆ ಎಂದರೆ ಆಫ್. ಬಾಗಿಲು ಹಾಕು ಎಂದರೆ ಕ್ಲೋಸ್, ಫ್ಯಾನ್ ಹಾಕು ಎಂದರೆ ಆನ್. ಇಂಗ್ಲಿಷಿನವರು ಕಷ್ಟಪಟ್ಟು ಬಾಯಿಪಾಠ ಮಾಡುವುದನ್ನು ನಮ್ಮ ಅತ್ತೆಯವರು ಜಗಲಿಯಲ್ಲಿ ಬೀಸಣಿಗೆ ಹಿಡಿದು ಸಲೀಸಾಗಿ ಬಳಸುತ್ತಿದ್ದರು! ಖುಷಿಗೆ ಸುಧಾಳಿಗೆ ಇನ್ನೊಂದು ಸಲ ಹೇಳು ಎಂದೆ. ಮದುವೆಯಾದಾಗಿನಿಂದ ನಾನು ಅವಳ ಮಾತನ್ನು ಎರಡನೇ ಸಲ ಕೇಳಬಯಸಿದ್ದು ಅದೇ ಮೊದಲಿರಬೇಕು. ಅವಳು ಅನುಮಾನದಿಂದ ನೋಡಿದಳು.

ಮರುದಿನ ಹಮೀದ್ ಭಾಯ್‌ಗೆ ಹೇಳಿದಾಗ ಅವರು ಮುಷ್ಟಿಯಿಂದ ಹಣೆ ಬಡಿದುಕೊಂಡರು. "ಓಪನ್ ಅಂದ್ರೆ ತೆಗೀಲಿಕ್ಕೆ, ಕ್ಲೋಸ್ ಅಂದ್ರೆ ಹಾಕ್ಲಿಕ್ಕೆ. ಇಷ್ಟೆಯಾ? ಇದನ್ನು ನಲ್ಲಿ, ನೀರು ಅಂತ ಎಲ್ಲೆಲ್ಲಿಗೋ ಕೊಂಡುಹೋದ್ರಲ್ಲ ನೀವು!"

ಪರೀಕ್ಷೆಯ ದಿನ ನಾನು ಹಳದಿ ಗೆರೆಯ ಆಚೆ ನಿಂತಿದ್ದೆ. ಭಯ ನನಗೇ ಹೆಚ್ಚಿತ್ತು. ನಾನು ಹೇಳಿಕೊಟ್ಟದ್ದು ತಪ್ಪಿದರೆ ನಾಳೆ ಈ ಮನುಷ್ಯನ ಮುಖ ಹೇಗೆ ನೋಡಲಿ? ಪರೀಕ್ಷಕ, "ಓಪನ್" ಎಂದ. ಹಮೀದ್ ಭಾಯ್ ದಪ್ಪ ಕೈಗವಸಿನ ಕೈಯನ್ನು ಒಮ್ಮೆ ತಡೆದು ನಿಲ್ಲಿಸಿದರು. ತುಟಿ ಅಲುಗಿತು. ಸ್ವಿಚ್ಚು ಎಳೆದರು. ಮೀಟರ್ ಹಿಡಿದು ನೋಡಿದರೆ ಸೊನ್ನೆ. ನನ್ನ ಬದುಕಿನಲ್ಲಿ ಒಂದು ಸೊನ್ನೆಗೆ ನಾನು ಅಷ್ಟು ಸಂತೋಷಪಟ್ಟದ್ದಿಲ್ಲ.

ಹೇಗೆ ಸರಿಹೋಯಿತೆಂದು ಪರೀಕ್ಷಕ ಕೇಳಿದ್ದಕ್ಕೆ, "ಮೈ ಲ್ಯಾಂಗ್ವೇಜ್ ನೋ ಕನ್‌ಫ್ಯೂಷನ್ ಸಾರ್" ಎಂದುಬಿಟ್ಟರು. ಕನ್ನಡದ ಬಗ್ಗೆ ಇಷ್ಟು ದೊಡ್ಡ ಸುಳ್ಳನ್ನು ಯಾರೂ ಹೇಳಿರಲಾರರು. ಹೊರಗೆ ಬಂದ ಕೂಡಲೇ ಅವರೇ ಅದನ್ನು ತೋರಿಸಿಕೊಟ್ಟರು.

"ಸಾರ್, ಬಸ್ಸಿನೊಟ್ಟಿಗೆ ನಂದೊಂದು ಫೋಟೋ ತೆಗೀರಿ. ಮಗಳಿಗೆ ವಾಟ್ಸಾಪಲ್ಲಿ ಹಾಕ್ಬೇಕು."

ತೆಗೆದೆ. ಹಾಕಿದರು. ತಕ್ಷಣ ಉತ್ತರ ಬಂತು, ಅವರ ಮನೆಮಾತು ಬ್ಯಾರಿಯಲ್ಲಿ. ಅದನ್ನು ಓದಿದ ಹಮೀದ್ ಭಾಯ್ ಬಸ್ಸಿಗೆ ಒರಗಿಕೊಂಡು ಇನ್ನೊಂದು ಸಲ ಓದಿದರು. ಏನಂತೆ ಎಂದು ಕೇಳಿದೆ. ನನಗಾಗಿ ಕನ್ನಡ ಮಾಡಿದರು:

"ಊರಿಗೆ ಹೋಗ್ಲಿಕ್ಕೆ ಅಂತ ಪುಸ್ತಕ ಎಲ್ಲ ಪೆಟ್ಟಿಗೆಗೆ ಹಾಕಿ ಇಟ್ಟಿದ್ಲಂತೆ ಸಾರ್. ನನಗೆ ಗೊತ್ತೇ ಇರ್ಲಿಲ್ಲ. ಈಗ ತೆಗೀಲಾ ಅಂತ ಕೇಳ್ತಾಳೆ."

"ತೆಗಿ ಅಂತ ಹೇಳಿ" ಎಂದೆ.