ಮುರುಗೆಪ್ಪ ಹರಿದ ಋಣ

ಧನಕವಡಿಯ ಆ ಗಲ್ಲಿಯಲ್ಲಿ ಚನ್ನಬಸವ್ವ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಭಾಕರಿ ಕಾಕೂ’ ಎನ್ನಿ, ಸಣ್ಣ ಹುಡುಗರೂ ಕೈಹಿಡಿದು ತಂದು ಅಂಗಡಿ ಮುಂದೆ ನಿಲ್ಲಿಸುತ್ತಾರೆ. ಗೋಕಾಕದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು. ಗಂಡ ಮುರುಗೆಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಿದ್ದು ನಿವೃತ್ತನಾದವನು. ಮಕ್ಕಳಾಗಲಿಲ್ಲ. ಬಾಡಿಗೆಯ ಸಣ್ಣ ಅಂಗಡಿಯಲ್ಲಿ ಅಲ್ಲಿಯವರು ಭಾಕರಿ ಎನ್ನುವ ಜೋಳದ ರೊಟ್ಟಿ ಬಡಿದು ಮಾರುತ್ತ, ನೆರೆಮನೆಯಿಂದ ಚಿಟಿಕೆ ಉಪ್ಪನ್ನೂ ಕಡ ತಾರದೆ ಸಂಸಾರ ತೂಗಿಸಿದ್ದಳು ಚನ್ನಬಸವ್ವ. ಅದೇ ಅವಳ ಹೆಮ್ಮೆ. ಅದೇ ಅವಳಿಗೆ ಮುಳುವಾಯಿತು ನೋಡಿ!

ಅಂಗಡಿಯ ಮಾಲೀಕ ಮಧುಕರ್ ಕೆಟ್ಟವನಲ್ಲ. ಜಾಗ ಮಾರಬೇಕೆಂದಾಗ ಮೊದಲು ಅವಳನ್ನೇ ಕೇಳಿದ. ಬರುವ ಯುಗಾದಿಯ ತನಕ ಕಾಯುತ್ತೇನೆ, ಆಮೇಲೆ ಆಗದು ಎಂದ. ಚನ್ನಬಸವ್ವ ಇಸ್ತ್ರಿ ಸೀರೆಯುಟ್ಟು ಬ್ಯಾಂಕಿಗೆ ಹೋದಳು. ಅಲ್ಲಿ ಸಾಲದ ವಿಭಾಗದಲ್ಲಿ ಕೇತಕಿ ಎಂಬ ಹುಡುಗಿ ಕಂಪ್ಯೂಟರ್ ನೋಡಿ, ಮೆತ್ತಗೆ ಮರಾಠಿಯಲ್ಲಿ ಹೇಳಿದಳು: ನಿಮ್ಮ ಹೆಸರಿನಲ್ಲಿ ಏನೂ ಇಲ್ಲ ಕಾಕೂ. ಎಂದೂ ಸಾಲ ಮಾಡದವರು ಸಾಲ ತೀರಿಸುತ್ತಾರೆಂದು ಬ್ಯಾಂಕು ಹೇಗೆ ನಂಬಬೇಕು?

ಇದೆಂಥ ನ್ಯಾಯವಪ್ಪಾ! ಜನ್ಮವಿಡೀ ಹಾಸಿಗೆ ಇದ್ದಷ್ಟೇ ಕಾಲು ಚಾಚಿದವಳನ್ನು ನಂಬುವುದಿಲ್ಲವಂತೆ, ಹತ್ತು ಕಡೆ ಸಾಲ ಎತ್ತಿ ಕಟ್ಟಿದವನಿಗೆ ಕುರ್ಚಿ ಹಾಕಿ ಕೂರಿಸುತ್ತಾರಂತೆ. ಆದರೆ ಕೇತಕಿ ದಾರಿಯನ್ನೂ ತೋರಿಸಿದಳು. ಒಂದಿಷ್ಟು ಹಣ ಠೇವಣಿ ಇಡಿ, ಅದರ ಮೇಲೆ ಸಣ್ಣ ಸಾಲ ತೆಗೆಯಿರಿ, ತಿಂಗಳು ತಿಂಗಳು ತಪ್ಪದೆ ಕಂತು ಕಟ್ಟುತ್ತ ಹೋಗಿ. ಯುಗಾದಿಯ ಹೊತ್ತಿಗೆ ಸಾಲ ತೀರಿಸುವವರೆಂದು ನಿಮ್ಮ ಹೆಸರು ಬೆಳೆದಿರುತ್ತದೆ, ಆಗ ಅಂಗಡಿಯ ಸಾಲ ಕೇಳೋಣ.

“ನನ್ನ ರೊಕ್ಕ ನಾನ ಇಟ್ಟು, ಅದರ ಮ್ಯಾಲ ನಾನ ಸಾಲ ತಗೊಳ್ಳೂದಂತ್ರೀ!” ಎಂದು ಮನೆಗೆ ಬಂದು ಗಂಡನ ಮುಂದೆ ನಕ್ಕಳು.

ಮುರುಗೆಪ್ಪ ನಗಲಿಲ್ಲ. “ಚನ್ನೀ, ಸಾಲಕ್ಕ ಏನ ಹೆಸರಿಟ್ಟರೂ ಅದು ಸಾಲನ.”

ಅವನಿಗೊಂದು ಭಯವಿತ್ತು. ಕೆಲಸದಲ್ಲಿದ್ದಾಗ ಧಣಿ ಅವನನ್ನು ವಸೂಲಿಗೆಂದು ಭೋರ್ ಎಂಬ ಊರಿಗೆ ಕಳಿಸಿದ್ದರು. ಹೋಗಿ ನೋಡಿದರೆ ಬಾಕಿದಾರನ ಹೆಣ ಇನ್ನೂ ಅಂಗಳದಲ್ಲೇ ಇತ್ತು. ಅವನ ಹೆಂಡತಿ ಕೈಯ ಬಳೆ ಕಳಚಿ ಇವನ ಮುಂದೆ ಹಿಡಿದಳು. ಮುರುಗೆಪ್ಪ ಮುಟ್ಟದೆ ಬಂದ. ಆದರೆ ಆ ಕೈ ಅವನ ಕಣ್ಣಿಂದ ಹೋಗಲಿಲ್ಲ.

ಚನ್ನಬಸವ್ವ ಬಿಡಿಸಿ ಬಿಡಿಸಿ ಹೇಳಿದಳು, ಅವನು ಹ್ಞೂಂ ಎಂದ. ಮಳೆಗಾಲದ ಮೊದಲು ಸಾಲವಾಯಿತು. ಕಂತು ಕಟ್ಟಿ ಬಂದ ದಿನವೆಲ್ಲ ಅವಳಿಗೆ ಅಂಗಡಿಯ ನೆಲದ ಒಂದೊಂದು ಫರ್ಸಿಕಲ್ಲು ತನ್ನದಾದಷ್ಟು ಸಂತೋಷ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಗಣಪತಿ ಹಬ್ಬದ ಹೊತ್ತಿಗೆ ಮುರುಗೆಪ್ಪನಿಗೆ ಅನ್ನ ಸೇರದಾಯಿತು. ಹೊಟ್ಟೆಯಲ್ಲಿ ಗಡ್ಡೆ, ಬಹಳ ಬೆಳೆದಿದೆ ಎಂದರು ಡಾಕ್ಟರು.

ದಸರೆಯ ಮರುದಿನ ಬೆಳಿಗ್ಗೆ ಅವನ ಬೆನ್ನು ಒರೆಸುತ್ತಿದ್ದವಳ ಕೈ ನಿಂತಿತು. ಕೊರಳಲ್ಲಿ ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆ ಇರಲಿಲ್ಲ. ಅಪ್ಪನಿಂದ ಬಂದ ಕರಡಿಗೆ, ಸ್ನಾನಕ್ಕೂ ತೆಗೆಯದ್ದು. ಇಷ್ಟಲಿಂಗ ಬಿಳಿ ಅರಿವೆಯ ಗಂಟಿನಲ್ಲಿತ್ತು. ಬೆರಳಿನ ಉಂಗುರವೂ ಇಲ್ಲ.

“ಕರಡಿಗಿ ಎಲ್ಲಿ ಹೋತ್ರೀ?”

ಮುರುಗೆಪ್ಪನ ಬತ್ತಿದ ಮುಖದಲ್ಲಿ ಎಷ್ಟೋ ದಿನಕ್ಕೆ ನಗು ಬಂತು. “ಮಾರಿದ್ನಿ. ಮೊನ್ನೆ ಯಾರ್ಡಿಗೆ ಹೋಗಿ ಬರ್ತೀನಿ ಅಂದಿದ್ನಲ್ಲಾ, ಸುಳ್ಳ. ಬ್ಯಾಂಕಿಗೆ ಹೋಗಿ ನಿನ್ನ ಸಾಲ ಪೂರಾ ಕಟ್ಟಿ ಬಂದೀನಿ. ಋಣಾ ಹರೀತು ಚನ್ನೀ. ಇನ್ನ ನಾ ಹೋದರ ನಿನ್ನ ಬಾಗಲಾಗ ಯಾರೂ ಬಂದು ನಿಂದ್ರೂದಿಲ್ಲ.”

ಅಯ್ಯೋ ಶಿವನೇ! ಅವಳು ಒದ್ದೆ ಅರಿವೆಯನ್ನು ಅಲ್ಲೇ ಬಿಟ್ಟು ಬ್ಯಾಂಕಿಗೆ ಓಡಿದಳು. ಕೇತಕಿ ಕಂಪ್ಯೂಟರ್ ನೋಡಿ ಹಣೆ ಒತ್ತಿಕೊಂಡಳು. ಕಾಕಾ ಬಂದ ದಿನ ನಾನು ರಜೆಯಲ್ಲಿದ್ದೆ, ಕ್ಯಾಶಿಯರ್ ಹಣ ಕಟ್ಟಿಸಿಕೊಂಡುಬಿಟ್ಟಿದ್ದಾರೆ, ಅವರಿಗೆ ಪೇಢೆ ಬೇರೆ ಕೊಟ್ಟು ಹೋದರಂತೆ ಎಂದಳು. ಸಾಲ ಮುಚ್ಚಿಹೋಗಿತ್ತು. ಕಟ್ಟಿದ ನಾಲ್ಕೇ ನಾಲ್ಕು ಕಂತಿಗೆ ಹೆಸರು ಬೆಳೆಯುವುದಿಲ್ಲ, ಮೊದಲಿನಿಂದ ಶುರುಮಾಡಬೇಕು. ಅಷ್ಟರಲ್ಲಿ ಯುಗಾದಿ ದಾಟಿಹೋಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದಾರಿಯುದ್ದಕ್ಕೂ ಅವಳಿಗೆ ಸಿಟ್ಟೇ ಸಿಟ್ಟು. ಬಿಡಿಸಿ ಹೇಳಿರಲಿಲ್ಲವೇ? ಹ್ಞೂಂ ಅಂದಿರಲಿಲ್ಲವೇ? ಇವತ್ತು ಕೇಳಿಯೇಬಿಡುತ್ತೇನೆ ಎಂದು ಬಾಗಿಲು ತಳ್ಳಿದಳು. ಮುರುಗೆಪ್ಪ ಗೋಡೆಗೆ ಒರಗಿ ಕೂತಿದ್ದ. ಪರೀಕ್ಷೆ ಬರೆದು ಬಂದ ಮಗುವಿನ ಹಾಗೆ ಅವಳ ಮುಖವನ್ನೇ ನೋಡಿದ.

“ಎಲ್ಲಿ ಹೋಗಿದ್ದಿ?”

“ಬ್ಯಾಂಕಿಗೆ.”

“ಏನಂದ್ರು?”

ಚನ್ನಬಸವ್ವ ಬಿಟ್ಟುಹೋಗಿದ್ದ ಒದ್ದೆ ಅರಿವೆಯನ್ನು ಎತ್ತಿಕೊಂಡಳು. “ಭಾಳ ಚಲೋ ಮಾಡ್ಯಾರ ನಿಮ್ಮ ಯಜಮಾನ್ರು ಅಂದ್ರು. ಹಿಂತಾ ಮಂದಿ ಈಗ ಎಲ್ಲಿ ಸಿಗ್ತಾರ ಅಂದ್ರು.”

ಅವನು ಕಣ್ಣು ಮುಚ್ಚಿದ. ಎಷ್ಟೋ ದಿನದ ಮೇಲೆ ನೋವಿನ ಗುಳಿಗೆ ಇಲ್ಲದೆ ನಿದ್ದೆ ಹೋದ. ಅವಳು ಅಂಗಡಿಗೆ ಹೋಗಿ ಹಿಟ್ಟು ನಾದಲು ಕೂತಳು. ಅಳು ಬಂದದ್ದು ಅಲ್ಲೇ. ನಾದುತ್ತಲೇ ಅತ್ತಳು, ಬಡಿಯುತ್ತಲೇ ಅತ್ತಳು. ರೊಟ್ಟಿ ಒಯ್ಯಲು ಬಂದವರು ಹೊಗೆ ಬಹಳವಾಗಿದೆ ಕಾಕೂ ಎಂದರು. ಹೌದೆಂದಳು.

ಮುರುಗೆಪ್ಪ ದೀಪಾವಳಿ ಕಾಣಲಿಲ್ಲ. ಅರಿವೆಯ ಗಂಟು ಬಿಚ್ಚಿ ಅವನ ಎಡ ಅಂಗೈಯಲ್ಲಿ ಲಿಂಗ ಇಡುವಾಗ, ಬಂದ ಹಿರಿಯರೊಬ್ಬರು, “ಪುಣ್ಯವಂತ ನೋಡವಾ, ಯಾರ ಋಣಾನೂ ಇಟ್ಕೊಳ್ಳದ ಹೋದಾ” ಎಂದರು. ಚನ್ನಬಸವ್ವ ತಲೆ ಎತ್ತಲಿಲ್ಲ. ಒಂದಿಷ್ಟು ಇಟ್ಟು ಹೋಗಬಾರದಿತ್ತೇ ಎಂದು ಅವಳ ಜೀವ ಕೂಗುತ್ತಿತ್ತು. ಅದನ್ನು ಯಾರ ಮುಂದೆ ಹೇಳುವುದು?

ಯುಗಾದಿ ಬಂತು, ಮಧುಕರ್ ಕಣ್ಣು ತಪ್ಪಿಸುತ್ತಲೇ ಅಂಗಡಿಯನ್ನು ಮೊಬೈಲ್ ಮಾರುವವನಿಗೆ ಬರೆದುಕೊಟ್ಟ. ಅವಳು ಹೆಂಚು, ಹಿಟ್ಟಿನ ಡಬ್ಬಿಗಳನ್ನು ಆಟೋಕ್ಕೆ ಹಾಕಿ ಮನೆಗೆ ತಂದಳು. ಈಗ ಅಡುಗೆಮನೆಯಲ್ಲೇ ಬಡಿಯುತ್ತಾಳೆ, ಒಯ್ಯುವವರು ಅರ್ಧಕ್ಕರ್ಧ ಕಡಿಮೆ.

ಮೊನ್ನೆ ಬ್ಯಾಂಕಿಗೆ ಹೋದಾಗ ಕೇತಕಿ ಕೈಹಿಡಿದು ಕೂರಿಸಿದಳು. ಠೇವಣಿ ಇನ್ನೂ ಇದೆ ಕಾಕೂ, ಮತ್ತೆ ಶುರುಮಾಡೋಣ, ಬೇರೆ ಅಂಗಡಿ ನೋಡೋಣ, ಸದ್ಯ ನಿಮ್ಮ ಮೇಲೆ ಯಾವ ಬಾಕಿಯೂ ಇಲ್ಲವಲ್ಲ ಎಂದಳು.

ಬಾಕಿ ಇಲ್ಲ ಎಂಬ ಮಾತಿಗೆ ಚನ್ನಬಸವ್ವ ಅಷ್ಟು ದಿನ ತಡೆದದ್ದೆಲ್ಲ ಒಡೆದುಹೋಯಿತು. ಮರಾಠಿ ಮರೆತೇಹೋಯಿತು.

“ಕೊರಳಾನ ಕರಡಿಗಿ ಮಾರಿ ಹೋದಾ ನನ್ನ ಗಂಡ. ಅಂವಂದ ಐತಿ ನನ್ನ ಮ್ಯಾಲ, ಹೊರಲಾರದಷ್ಟ ಐತಿ. ಅದನ್ನ ಎಲ್ಲಿ ಕಟ್ಟಲಿ, ನನ್ನ ತಾಯಿ?”