ಗೋಡೆ ಹಿಂದಿರುಗಿಸಿದ ಹೆಸರುಗಳು

ಬೆಳಿಗ್ಗೆ ಆರೂವರೆ. ಗಡಿಯ ನದಿಯಿಂದೆದ್ದ ಮಂಜು ಸಾನ್ ವೆನಾನ್ಸಿಯೊ ಎಂಬ ಊರಿನ ಪೇಟೆಬೀದಿಯನ್ನು ನುಂಗಿಕೊಂಡಿದೆ. ತಾಳೆಮರಗಳ ತಲೆ ಕಾಣುತ್ತಿಲ್ಲ. ದಿನವೂ ಈ ಹೊತ್ತಿಗೆ ತಂತಿಗಳ ಮೇಲೆ ಕೂತು ಕಿರುಚಾಡುವ ಕಪ್ಪು ಹಕ್ಕಿಗಳೂ ಇಂದು ಸುಮ್ಮನಿವೆ. ವಲಸೆ ನ್ಯಾಯಾಲಯದ ಮೆಟ್ಟಿಲ ಮೇಲೆ ಕಾವಲಿನ ನೀಲಿ ಸಮವಸ್ತ್ರ ತೊಟ್ಟ ಯೂಸ್ತೋಲಿಯಾ ಗಾರ್ಸಾ ಒಬ್ಬರೇ ನಿಂತಿದ್ದಾರೆ. ಬೆನ್ನ ಹಿಂದಿನ ಗಾಜಿನ ಬಾಗಿಲಿಗೆ ಒಳಗಿನಿಂದ ಸರಪಳಿ ಬಿದ್ದಿದೆ. ಗಾಜಿನ ಮೇಲೊಂದು ಕಾಗದ: 'ಹಣ ಮಂಜೂರಾಗದ ಕಾರಣ ಮುಚ್ಚಿದೆ. ಹೊಸ ತಾರೀಖು ಅಂಚೆಯಲ್ಲಿ ಬರುತ್ತದೆ.' ಅದರ ಪಕ್ಕದಲ್ಲಿ, ಬೀಗ ಬೀಳುವ ಮುನ್ನ ಗುಮಾಸ್ತರು ಅಂಟಿಸಿಹೋದ ವಿಚಾರಣೆಗಳ ಪಟ್ಟಿ, ದಿನಕ್ಕೊಂದು ಹಾಳೆ.

ಊರೆಲ್ಲ ಟೋಲಾ ಎಂದು ಕರೆಯುವ ಈ ಐವತ್ತೆಂಟರ ಹೆಂಗಸು ಟಾರ್ಚಿನ ಬೆಳಕಿನಲ್ಲಿ ಇಂದಿನ ಹಾಳೆಯನ್ನು ಹುಡುಕಿಕೊಳ್ಳುತ್ತಾರೆ. ಗಂಟಲು ಸರಿಮಾಡಿಕೊಂಡು, ಆ ಹಾಳೆಯಲ್ಲಿ ಇಲ್ಲದ ಒಂದು ಹೆಸರನ್ನು ಮೊದಲು ಕೂಗುತ್ತಾರೆ.

"ಮಗ್ದಲೇನಾ ಹುವಾನ್ ಪಾಸ್ಕುವಾಲ್!"

ಬೀದಿಯಾಚೆ ಕಾರು ನಿಲ್ಲಿಸುವ ನಾಲ್ಕಂತಸ್ತಿನ ಕಟ್ಟಡವಿದೆ. ಬರಿಯ ಕಾಂಕ್ರೀಟು, ಕಿಟಕಿಯಿಲ್ಲ, ದೀಪವಿಲ್ಲ. ನ್ಯಾಯಾಲಯ ಮುಚ್ಚಿ ಟೋಲಾ ಹೊರಗೆ ನಿಂತು ಕೂಗಲು ಶುರುಮಾಡಿದಂದಿನಿಂದ ಆ ಕಟ್ಟಡ ಹೆಸರುಗಳನ್ನು ಹಿಂದಿರುಗಿಸುತ್ತಿದೆ. ಎಲ್ಲವನ್ನೂ ಅಲ್ಲ.

"ಕೆಲವು ಹೆಸರು ಆ ಗೋಡೆಗೆ ಸೇರಲ್ಲ" ಎಂದು ಪತ್ರಿಕೆಯವರಿಗೆ ಹೇಳುತ್ತಾರೆ ಟೋಲಾ. "ಒಬ್ಬ ರೋಸಾನ ವಾಪಸ್ ಕೊಡುತ್ತೆ, ಇನ್ನೊಬ್ಬ ರೋಸಾನ ನುಂಗ್ಬಿಡುತ್ತೆ. ಹೆಂಗಸರ ಹೆಸರು ತೆಳ್ಳಗೆ ಬರುತ್ತೆ, ಗಂಡಸರದ್ದು ದಪ್ಪಗೆ. ನಾನು ಕೂಗಿ ಬಾಯಿ ಮುಚ್ಚಿದ ಮೇಲೆ, ಒಂದು ಉಸಿರು ಬಿಟ್ಟು ಬರುತ್ತೆ. ಮೊದಲನೇ ದಿನ ಮೈಯೆಲ್ಲ ಜುಮ್ಮಂತು. ಆಮೇಲೆ ಅಭ್ಯಾಸ ಆಯ್ತು. ಆದ್ರೆ ಮಗ್ದಲೇನಾ ಹೆಸರು ಮಾತ್ರ ಒಂದು ದಿನಾನೂ ವಾಪಸ್ ಬಂದಿಲ್ಲ."

ಇದು ಬೀಗ ಬಿದ್ದ ಇಪ್ಪತ್ತಮೂರನೆಯ ದಿನ.

ಟೋಲಾ ಸರ್ಕಾರಿ ನೌಕರರಲ್ಲ. ಗುತ್ತಿಗೆ ಕಂಪನಿಯೊಂದರ ಕಾವಲುಗಾರ್ತಿ. ಹದಿನೇಳು ವರ್ಷದಿಂದ ಇದೇ ಬಾಗಿಲು. ಬಾಗಿಲು ತೆರೆಯುವುದು, ಚೀಲ ನೋಡುವುದು, ಒಳಗಿನಿಂದ ಪಟ್ಟಿ ಬಂದಾಗ ಮೊಗಸಾಲೆಯಲ್ಲಿ ನಿಂತು ಹೆಸರು ಕೂಗುವುದು. ಹೆಸರಿಗೆ ಮೂರು ಕೂಗು. ಮೂರಕ್ಕೂ ಯಾರೂ ಏಳದಿದ್ದರೆ 'ಗೈರುಹಾಜರು' ಎಂದು ಒಳಗೆ ಹೇಳಬೇಕು. ಆ ಒಂದು ಪದ ಬಿದ್ದರೆ ಆಶ್ರಯ ಬೇಡಿ ಬಂದವರ ಕತೆಯನ್ನು ಯಾರೂ ಕೇಳುವುದಿಲ್ಲ. ಗಡೀಪಾರಿನ ಆದೇಶ ಅಲ್ಲೇ ಬರೆದುಹೋಗುತ್ತದೆ.

ಆರು ವರ್ಷದ ಹಿಂದಿನ ಒಂದು ಚಳಿಗಾಲದಲ್ಲಿ ಪಟ್ಟಿಯಲ್ಲಿ 'ಹುವಾನ್ ಪಾಸ್ಕುವಾಲ್, ಎಂ.' ಎಂದಿತ್ತು. ಟೋಲಾ ಕೂಗಿದರು: "ಶ್ರೀಮಾನ್ ಹುವಾನ್ ಪಾಸ್ಕುವಾಲ್!" ಮೂರು ಸಲ ಕೂಗಿದರು. ಯಾರೂ ಏಳಲಿಲ್ಲ. ಎಂಟು ಹೆಜ್ಜೆ ದೂರದ ಬೆಂಚಿನಲ್ಲಿ ಒಬ್ಬ ತಾಯಿ, ಕಂಕುಳಲ್ಲಿ ಹಾಲಿನ ಬಾಟಲಿ ಬೆಚ್ಚಗಿಟ್ಟುಕೊಂಡು, ಮಗುವಿನ ಕಾಲುಚೀಲ ಕಳಚುತ್ತ ಹಾಕುತ್ತ ಕೂತಿದ್ದಳು. ಬೆಳಗಿನಿಂದ ಸಂಜೆ ಐದರವರೆಗೆ ಕೂತಿದ್ದಳು.

"ಎಲ್ರೂ ಹೋದ್ಮೇಲೆ ನನ್ನ ಹತ್ರ ಬಂದ್ಳು. 'ಅಮ್ಮಾ, ನನ್ನ ಹೆಸರು ಯಾವಾಗ ಕೂಗ್ತೀರಿ?' ಅಂದ್ಳು. ಏನಮ್ಮ ನಿನ್ನ ಹೆಸರು ಅಂದೆ. ಹೇಳಿದ್ಳು. ಪಟ್ಟಿ ತೆಗೆದು ಇನ್ನೊಂದ್ಸಲ ನೋಡ್ದೆ."

ಗ್ವಾಟೆಮಾಲಾದ ಆ ಬೆಟ್ಟದ ಊರುಗಳಲ್ಲಿ ಹುವಾನ್, ಪಾಸ್ಕುವಾಲ್, ಟೊಮಾಸ್ ಎಂಬ ಗಂಡಸರ ಹೆಸರುಗಳೇ ಮನೆತನದ ಹೆಸರುಗಳು. ಹುವಾನ್ ಅಪ್ಪನ ಕಡೆಯದು, ಪಾಸ್ಕುವಾಲ್ ಅಮ್ಮನ ಕಡೆಯದು. ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದ 'ಎಂ.' ಎಂಬ ಒಂದಕ್ಷರವೇ ಮಗ್ದಲೇನಾ. ಶ್ರೀಮಾನ್ ಎಂದು ಕೂಗಿದರೆ ಆಕೆ ಯಾಕೆ ಎದ್ದಾಳು? ನಾಳೆ ಬಾ, ನಾನು ಮಾತಾಡುತ್ತೇನೆ ಎಂದಿದ್ದರು ಟೋಲಾ. ಮರುದಿನ ಆಕೆ ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಬೆಂಚಿನ ಕೆಳಗೆ ಹಳದಿ ಕಾಲುಚೀಲವೊಂದು ಉಳಿದಿತ್ತು.

ಅಂದಿನಿಂದ ಟೋಲಾ ಶ್ರೀಮಾನ್, ಶ್ರೀಮತಿ ಎನ್ನುವುದಿಲ್ಲ. ಇದ್ದಷ್ಟು ಹೆಸರನ್ನು ಪೂರ್ತಿ ಕೂಗುತ್ತಾರೆ, ತಿರುಗಿಸಿ ಕೂಗುತ್ತಾರೆ, ಕೊನೆಗೆ ಆಟಕ್ಕೆ ಹೋದ ಮಕ್ಕಳನ್ನು ಊಟಕ್ಕೆ ಕರೆಯುವಂತೆ ಎಳೆದು ಕೂಗುತ್ತಾರೆ. ಬೆಂಚಿನ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕೇಳಿದ ಹೊರತು ಗೈರುಹಾಜರು ಎನ್ನುವುದಿಲ್ಲ.

ಬೀಗ ಬಿದ್ದಿದ್ದಕ್ಕೆ ಕಾರಣ ಇಲ್ಲಿಂದ ಬಹು ದೂರದಲ್ಲಿದೆ. ಗಡಿಬೇಲಿಗೆ, ಕಾವಲಿಗೆ ಇಷ್ಟು ಹಣ ಕೊಡದೆ ಬಜೆಟ್ಟಿಗೆ ಕೈ ಎತ್ತುವುದಿಲ್ಲ ಎಂದು ರಾಜಧಾನಿಯಲ್ಲಿ ಒಂದು ಪಕ್ಷ ಕೂತಿದೆ. ಆಶ್ರಯದ ಕಾನೂನನ್ನು ಬಿಗಿ ಮಾಡಿದರೆ ನಾವು ಕೈ ಎತ್ತುವುದಿಲ್ಲ ಎಂದು ಇನ್ನೊಂದು. ಎರಡರ ನಡುವೆ ಈ ಬಾಗಿಲು. ಹಿಂದೊಮ್ಮೆ ಹೀಗೆಯೇ ಮುಚ್ಚಿ ತೆರೆದಾಗ ಹೊಸ ತಾರೀಖಿನ ಪತ್ರಗಳು ಹಳೆಯ ವಿಳಾಸಗಳಿಗೆ ಹೋಗಿ, ಎಷ್ಟೋ ಮಂದಿ ತಮಗರಿವಿಲ್ಲದೆ ಗೈರುಹಾಜರಾಗಿದ್ದರು. ಹಾಗಾಗಿ ಪತ್ರವನ್ನು ನಂಬದೆ, ಕೈಯಲ್ಲಿದ್ದ ಹಳೆಯ ತಾರೀಖಿಗೇ ಜನ ಬರುತ್ತಾರೆ. ಬಂದಿದ್ದರು ಎನ್ನುವುದಕ್ಕೆ ಯಾರದಾದರೂ ಸಾಕ್ಷಿ ಇದ್ದರೆ ಪ್ರಕರಣವನ್ನು ಮತ್ತೆ ತೆರೆಯಿರಿ ಎಂದು ಕೇಳಬಹುದು ಎಂದು ವಕೀಲರೊಬ್ಬರು ಟೋಲಾಗೆ ಹೇಳಿದ್ದಾರೆ. ಆ ಸಾಕ್ಷಿ ಈಗ ಸೂರ್ಯಕಾಂತಿ ಚಿತ್ರದ ಒಂದು ಶಾಲಾ ನೋಟ್‌ಬುಕ್. ಪ್ರತಿ ಹೆಸರಿನ ಮುಂದೆ ಟೋಲಾರ ಕೈಬರಹದಲ್ಲಿ 'ಬಂದರು' ಅಥವಾ 'ಬರಲಿಲ್ಲ'.

ದಿನಕ್ಕೆ ನಲವತ್ತರ ಆಸುಪಾಸು ಹೆಸರು. ಮೊದಲಾದರೆ ಮೂವತ್ತು ಮಂದಿ ಬಂದಿರುತ್ತಿದ್ದರು. ಈಗ ಮೆಟ್ಟಿಲು ಹತ್ತುವವರು ಮೂರೋ ನಾಲ್ಕೋ. ಇಪ್ಪತ್ತೆರಡು ದಿನಕ್ಕೆ ಎಪ್ಪತ್ತೊಂದು 'ಬಂದರು'. ಉಳಿದದ್ದೆಲ್ಲ 'ಬರಲಿಲ್ಲ'.

ಈ ಲೆಕ್ಕ ಕೇಳಿ ನಗುವವನು ಟೋಲಾರ ತಮ್ಮ ಹೆರಿಬೆರ್ತೊ. ಹತ್ತೊಂಬತ್ತು ವರ್ಷದಿಂದ ಗಡಿ ಕಾವಲು ಪಡೆಯಲ್ಲಿದ್ದಾನೆ. ಬೀಗ ಬಿದ್ದಾಗಿನಿಂದ ಅಕ್ಕನಂತೆ ಅವನಿಗೂ ಸಂಬಳವಿಲ್ಲ, ರಜೆಯೂ ಇಲ್ಲ. ಕತ್ತಲಲ್ಲಿ ಅಕ್ಕ ಒಬ್ಬಳೇ ನಿಲ್ಲುತ್ತಾಳಲ್ಲ ಎಂದು ದಿನವೂ ಐದೂವರೆಗೇ ಬಿಳಿ ಮೈಗೆ ಹಸಿರು ಪಟ್ಟೆಯ ತನ್ನ ಇಲಾಖೆಯ ಗಾಡಿಯನ್ನು ಮೆಟ್ಟಿಲ ಬುಡಕ್ಕೇ ತಂದು ನಿಲ್ಲಿಸುತ್ತಾನೆ. ಫ್ಲಾಸ್ಕಿನಲ್ಲಿ ಕಾಫಿ, ಕಾಗದದಲ್ಲಿ ಸುತ್ತಿದ ಮೊಟ್ಟೆ-ಆಲೂಗಡ್ಡೆಯ ರೊಟ್ಟಿ. ಎಂಟಕ್ಕೆ ಹೋಗುತ್ತಾನೆ.

"ನೋಡಿದ್ಯಾ ಅಕ್ಕ? ನಲವತ್ತಕ್ಕೆ ನಾಲ್ಕು. 'ಭಯ ಆಗ್ತಿದೆ' ಅಂತ ಎರಡು ಮಾತು ಹೇಳಿ ಒಳಗೆ ಬರ್ತಾರೆ, ಆಮೇಲೆ ಯಾವ ಕೋರ್ಟು, ಯಾವ ತಾರೀಖು! ನಾನು ಹೇಳಿದ್ರೆ ನಿಂಗೆ ಕೋಪ."

"ಕೋಪ ಯಾಕೋ? ನೀನು ಹಿಡೀತೀಯ, ನಾನು ಕೂಗ್ತೀನಿ. ಇಬ್ರಿಗೂ ಸಂಬಳ ಇಲ್ಲ. ತಿನ್ನು, ಆರೋಗುತ್ತೆ."

"ತಮಾಷೆ ಅಲ್ಲ. ಕಾನೂನು ಸಡಿಲ ಇದೆ ಅಂತ ತಾನೇ ದಲ್ಲಾಳಿಗಳು ಇವ್ರನ್ನ ನದಿಗೆ ಇಳಿಸೋದು? ನೀರಿಂದ ಎತ್ತೋದು ಯಾರು? ನಾನು. ಅಕ್ಟೋಬರಿನಲ್ಲಿ ಎತ್ತಿದ ಮಗೂಗೆ ಶೂ ಲೇಸು ಇನ್ನೂ ಕಟ್ಟಿದ ಹಾಗೇ ಇತ್ತು."

ಟೋಲಾ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಾರೆ. ತಮ್ಮನ ಮಾತಿನಲ್ಲಿ ಸುಳ್ಳಿಲ್ಲ ಎಂದು ಅವರಿಗೆ ಗೊತ್ತು. ಯಾರಿಗೆ ಓಟು ಹಾಕಿದಿರಿ ಎಂದು ಕೇಳಿದರೆ, "ಅದನ್ನ ಗಂಡನಿಗೇ ಹೇಳಿರ್ಲಿಲ್ಲ, ಪಾಪ, ಹೋಗೇಬಿಟ್ಟ" ಎಂದು ನಗುತ್ತಾರೆ.

ಈ ಇಪ್ಪತ್ತಮೂರನೆಯ ಬೆಳಿಗ್ಗೆ ಹೆರಿಬೆರ್ತೊ ಬಂದಿಲ್ಲ. ಮಂಜಿಗೆ ಹೆದ್ದಾರಿಯಲ್ಲಿ ಸಿಕ್ಕಿಕೊಂಡಿದ್ದಾನೆ. ಮೆಟ್ಟಿಲ ಬುಡ ಖಾಲಿ. ಟೋಲಾ ಮಗ್ದಲೇನಾ ಹೆಸರನ್ನು ಕೂಗಿ, ಎಂದಿನಂತೆ ಒಂದು ಉಸಿರು ಕಾದು, ಪಟ್ಟಿಯ ಮೊದಲ ಹೆಸರಿಗೆ ಬಾಯಿ ತೆರೆಯುತ್ತಾರೆ.

ಆಗ ಗೋಡೆ ಮಾತಾಡುತ್ತದೆ.

"ಹುವಾನ್ ಪಾಸ್ಕುವಾಲ್."

ಗಂಡು ದನಿ. ಟೋಲಾ ಕಂಬಿ ಹಿಡಿದುಕೊಳ್ಳುತ್ತಾರೆ. ಕಾರು ಕಟ್ಟಡದ ಕಪ್ಪು ಬಾಯಿಂದ, ಮಂಜಿನೊಳಗೆ, ಯಾರೋ ನಡೆದು ಬರುತ್ತಿದ್ದಾರೆ. ಮೊದಲು ಕಾಲು ಕಾಣುತ್ತದೆ, ಆಮೇಲೆ ಎದೆಗೊತ್ತಿಕೊಂಡ ಪ್ಲಾಸ್ಟಿಕ್ ಚೀಲ, ಕೊನೆಗೆ ಒದ್ದೆ ಟೋಪಿಯ ಸಣ್ಣ ಮನುಷ್ಯ.

"ಹುವಾನ್ ಪಾಸ್ಕುವಾಲ್ ಟೊಮಾಸ್, ಅಮ್ಮಾ. ಕರೆದ್ರಲ್ಲ."

ಪಟ್ಟಿಯಲ್ಲಿ ಅವನು 'ಪಾಸ್ಕುವಾಲ್ ಟೊಮಾಸ್, ಜೆ.'; ಹುವಾನ್ ಎಂದು ಬರೆಯುವುದು ಜೆ ಅಕ್ಷರದಿಂದ. ಆರು ವರ್ಷದ ಹಿಂದೆ ಕಳೆದುಹೋದವಳ ಹೆಸರಿನ ಬಾಲ ಮಂಜಿನಲ್ಲಿ ಕೇಳಿಸಿ, ತನ್ನನ್ನೇ ಕರೆದರು ಎಂದುಕೊಂಡಿದ್ದಾನೆ.

"ಅಲ್ಲಿ ಕತ್ತಲಲ್ಲಿ ಏನಪ್ಪಾ ಮಾಡ್ತಿದ್ದೆ?"

"ಎಲ್ರೂ ಅಲ್ಲೇ ನಿಲ್ಲೋದು, ಅಮ್ಮಾ. ಇಲ್ಲಿ ದಿನಾ ಹಸಿರು ಪಟ್ಟೆ ಗಾಡಿ ಇರುತ್ತಲ್ಲ. ಇವತ್ತಿಲ್ಲ, ಅದಕ್ಕೇ ಬಂದೆ."

"ಎಲ್ರೂ ಅಂದ್ರೆ?"

ಅವನು ಹಿಂದೆ ತಿರುಗಿ ತನ್ನ ಭಾಷೆಯಲ್ಲಿ ಏನೋ ಕೂಗುತ್ತಾನೆ. ಮಂಜು ಅಲ್ಲಲ್ಲಿ ದಪ್ಪಗಾಗುತ್ತದೆ. ಇಬ್ಬರು, ಐವರು, ಹದಿನಾಲ್ಕು ಮಂದಿ. ಕಂಬಳಿಯೊಳಗೆ ಮಕ್ಕಳು. ಸದ್ದಿಲ್ಲದೆ ಬಂದು ಮೆಟ್ಟಿಲ ಕೆಳಗೆ ನಿಲ್ಲುತ್ತಾರೆ.

"ನನ್ನ ತಂಗಿ ಮಿಕಾಯೇಲಾ ಹೋದ ವಾರ ಅಲ್ಲಿಂದಾನೇ ಉತ್ತರ ಕೊಟ್ಳು" ಎನ್ನುತ್ತಾನೆ ಹುವಾನ್. "ಗಡಿ ದಾಟಿದಾಗ ಹಿಡಿದಿಟ್ಟ ಜಾಗದಲ್ಲಿ ನಮಗೆ ಹಾಗೇ ಕಲಿಸಿದ್ರು, ಹೆಸರು ಕೂಗಿದ್ರೆ ನಿನ್ನ ಹೆಸರು ನೀನೇ ಹೇಳು ಅಂತ. ಗಾಡಿ ಇದೆಯಲ್ಲ, ಮೆತ್ತಗೆ ಹೇಳಿದ್ಳು. ನೀವು ಕೇಳಿಸ್ಕೊಂಡು ಬರ್ಕೊಂಡ್ರಿ. ಮನೇಗೆ ಬಂದು ಖುಷಿಯಾಗಿ ಕೋಳಿ ಸಾರು ಮಾಡಿದ್ಳು."

ಟೋಲಾ ನೋಟ್‌ಬುಕ್ಕಿನ ಹಾಳೆ ಹಿಂದೆ ತಿರುವುತ್ತಾರೆ. ಮಿಕಾಯೇಲಾ ಪಾಸ್ಕುವಾಲ್ ಟೊಮಾಸ್. ಗೋಡೆ ಹಿಂದಿರುಗಿಸಿದ ಹೆಸರು. ತೆಳ್ಳಗೆ ಬಂದಿತ್ತು, ನೆನಪಿದೆ. ಮುಂದೆ ಅವರದೇ ದುಂಡು ಅಕ್ಷರ: 'ಬರಲಿಲ್ಲ'.

ಎಂಟೂವರೆಗೆ ಹೆರಿಬೆರ್ತೊ ಫ್ಲಾಸ್ಕು ಹಿಡಿದು ಓಡಿಬರುವಷ್ಟರಲ್ಲಿ ಮೆಟ್ಟಿಲ ಮೇಲಿದ್ದದ್ದು ಅಕ್ಕ ಮಾತ್ರ. ಆಕೆ ಹೇಳಿದ್ದನ್ನು ಅವನು ನಿಂತೇ ಕೇಳಿದ. ಬೀದಿಯಾಚೆಯ ಕಟ್ಟಡವನ್ನು ನೋಡಿದ, ತನ್ನ ಗಾಡಿಯನ್ನು ನೋಡಿದ.

"ನಾನು ಕಾಫಿ ತರ್ತಿದ್ದೀನಿ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿದ.

ಮರುದಿನ ಐದೂವರೆಗೆ ಅವನು ನಡೆದು ಬಂದ. ಸಮವಸ್ತ್ರದ ಮೇಲೆ ಮಗನ ಫುಟ್‌ಬಾಲ್ ತಂಡದ ಸ್ವೆಟರ್. ಗಾಡಿಯನ್ನು ಮೂರು ಬೀದಿ ಆಚೆ ಬೇಕರಿಯ ಹಿಂದೆ ಬಿಟ್ಟಿದ್ದ.

"ನನ್ನ ಅಭಿಪ್ರಾಯ ಏನೂ ಬದಲಾಗಿಲ್ಲ, ಹೇಳಿರ್ತೀನಿ."

"ಯಾರೋ ಕೇಳಿದ್ದು? ಕಾಫಿ ಬಿಸಿ ಇದೆಯಾ?"

ಅಂದಿನಿಂದ ಟೋಲಾ ದಿನಕ್ಕೆ ಎರಡು ಸಲ ಪಟ್ಟಿ ಓದುತ್ತಾರೆ: ಮೊದಲು ಆ ದಿನದ್ದು, ಆಮೇಲೆ ಒಂದನೆಯ ದಿನದಿಂದ ಹಿಡಿದು ಹಳೆಯದ್ದೆಲ್ಲ. ಸುದ್ದಿ ಚರ್ಚಿನಿಂದ ಕೋಳಿ ಕಾರ್ಖಾನೆಗೆ, ಅಲ್ಲಿಂದ ಬಟ್ಟೆ ಒಗೆಯುವ ಅಂಗಡಿಗೆ ಹೋಗಿದೆ. ಎಂಟು ದಿನದಲ್ಲಿ ಮುನ್ನೂರ ನಲವತ್ತು ಮಂದಿ ವಾಪಸ್ ಬಂದು ತಮ್ಮ ಹೆಸರಿನ ಮುಂದೆ ತಾವೇ ಸಹಿ ಹಾಕಿದ್ದಾರೆ. ಮಿಕಾಯೇಲಾ ಕೂಡ ಹಾಕಿದ್ದಾಳೆ. 'ಬರಲಿಲ್ಲ' ಎಂಬುದನ್ನು ಟೋಲಾ ಅಳಿಸಿಲ್ಲ. ಪಕ್ಕದಲ್ಲಿ 'ಬಂದಿದ್ದರು, ನನಗೆ ಗೊತ್ತಾಗಲಿಲ್ಲ' ಎಂದು ಬರೆದು ತಮ್ಮ ಸಹಿಯನ್ನೂ ಹಾಕಿದ್ದಾರೆ. ಇದನ್ನು ನ್ಯಾಯಾಧೀಶರು ಒಪ್ಪುತ್ತಾರೋ ಇಲ್ಲವೋ ವಕೀಲರಿಗೂ ತಿಳಿಯದು. ಬಾಗಿಲು ಕಾಯಿ, ಹಾಜರಿ ಕರೆಯುವುದು ನಿನ್ನ ಕೆಲಸವಲ್ಲ ಎಂದು ಕಂಪನಿಯಿಂದ ಎರಡು ಸಲ ಫೋನು ಬಂದಿದೆ. ಮೂರನೆಯದು ಬಂದರೆ ಕೆಲಸ ಹೋಗುತ್ತದೆ. ಟೋಲಾ ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದಾರೆ.

ಇಂದು ಮೂವತ್ತೊಂದನೆಯ ಬೆಳಿಗ್ಗೆ. ಮಂಜು ಹಾಗೆಯೇ ಇದೆ. ಮೆಟ್ಟಿಲ ತುಂಬ ಜನ. ಎದುರಿನ ಕಟ್ಟಡ ಖಾಲಿ. ಹೆರಿಬೆರ್ತೊ ಅದರ ನಾಲ್ಕೂ ಅಂತಸ್ತು ಹತ್ತಿ, ಒಬ್ಬರೂ ಉಳಿದಿಲ್ಲ ಎಂದು ಕೈಯಾಡಿಸಿ, ಇಳಿದು ಬಂದಿದ್ದಾನೆ. ಈಗ ಕೂಗಿದ ಹೆಸರಿಗೆಲ್ಲ ಉತ್ತರ ಮೆಟ್ಟಿಲಿನಿಂದಲೇ ಬರುತ್ತದೆ. ಗೋಡೆ ಏನನ್ನೂ ಹಿಂದಿರುಗಿಸುವುದಿಲ್ಲ. ಅದು ಎಂದೂ ಹಿಂದಿರುಗಿಸಿರಲೇ ಇಲ್ಲ.

ಟೋಲಾ ತುಟಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸುತ್ತಾರೆ. ತಾಯಂದಿರು ಮಕ್ಕಳ ಬಾಯಿಗೆ ಬಾಟಲಿ ಕೊಡುತ್ತಾರೆ.

"ಮಗ್ದಲೇನಾ ಹುವಾನ್ ಪಾಸ್ಕುವಾಲ್!"

ಒಂದು ಉಸಿರು. ಇನ್ನೊಂದು. ಮೆಟ್ಟಿಲ ಮೇಲಿದ್ದ ನಲವತ್ತು ಮಂದಿಯ ತಲೆ ಒಟ್ಟಿಗೇ ಎದುರಿನ ಕಟ್ಟಡದ ಕಡೆ ತಿರುಗುತ್ತದೆ. ಹೆರಿಬೆರ್ತೊನದೂ.

ಟೋಲಾ ಆ ಕಡೆ ನೋಡುವುದಿಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆ ಹೆಸರಿದೆ. ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದಾರೆ.

"ಏನು ಕೇಳಿಸ್ತು ಅಂತ ನನ್ನ ಕೇಳ್ಬೇಡಿ" ಎನ್ನುತ್ತಾರೆ. "ಪತ್ರಿಕೆಗೆ ಏನು ಬೇಕಾದ್ರೂ ಬರ್ಕೊಳ್ಳಿ. ನನ್ನ ಫೋಟೋ ಬೇಡ, ಹೊಗಳೋದೂ ಬೇಡ. ಅವಳು ಗೈರುಹಾಜರು ಅಂತ ಮಾತ್ರ ಬರೀಬೇಡಿ. ಅದನ್ನ ನಾನೊಂದು ಸಲ ಹೇಳಿದ್ದು ಸಾಕು."